ಗೋಕರ್ಣದಿಂದ ಮರವಂತೆವರೆಗೆ ಕಡಿಮೆ ಖರ್ಚಿನಲ್ಲಿ: ಬೈಕಾ, ಬಸ್ಸಾ, ನಡಿಗೆಯಾ?

ಹುಬ್ಬಳ್ಳಿ ಅಲೆಮಾರಿ:
ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು, ಡಿಗ್ರಿ ಕೊನೇ ವರ್ಷ. ಜನವರಿಯಲ್ಲಿ ಪರೀಕ್ಷೆ ಮುಗಿದ ಕೂಡಲೇ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಕರಾವಳಿ ಸುತ್ತಬೇಕು ಅಂತ ಇದ್ದೇವೆ. ಮೂವರು ಹುಬ್ಬಳ್ಳಿಯಿಂದ ಹೊರಡುತ್ತೇವೆ, ಒಬ್ಬಳು ಬೆಂಗಳೂರಿಂದ ಬಂದು ಸೇರುತ್ತಾಳೆ. ಕೈಯಲ್ಲಿರೋದು ತಲೆಗೆ ನಾಲ್ಕು ಸಾವಿರ, ಐದಾರು ದಿನ. ಊಟ, ವಸತಿ, ಓಡಾಟ ಎಲ್ಲ ಇದರಲ್ಲೇ ಆಗಬೇಕು. ಕಾರವಾರದಿಂದ ಮಂಗಳೂರಿನ ತನಕ ಪೂರ್ತಿ ಹೋಗೋಣ ಅಂದುಕೊಂಡಿದ್ದೆವು, ಈಗ ಅದರಲ್ಲೇ ಜಗಳ ಶುರುವಾಗಿದೆ. ಒಬ್ಬನಿಗೆ ಬೈಕೇ ಬೇಕು, ಇನ್ನೊಬ್ಬಳು ಬಸ್ಸು ಸಾಕು ಅನ್ನುತ್ತಾಳೆ. ನನಗೆ ಬೇಕಿರೋದು ಜನ ಕಮ್ಮಿ ಇರೋ ಕಡಲು, ಅಷ್ಟೇ. ಜೆಟ್ ಸ್ಕೀ, ಸೆಲ್ಫಿ ಪಾಯಿಂಟ್ ಯಾವುದೂ ಬೇಡ. ಟೆಂಟ್ ಒಂದಿದೆ, ಬೀಚಲ್ಲಿ ಹಾಕಬಹುದಾ? ಗೊತ್ತಿರುವವರು ಹೇಳಿ.

ಕುಮಟಾದವ:
ಕಾರವಾರ–ಮಂಗಳೂರು ಬಿಟ್ಟುಬಿಡಿ ಮಾರಾಯ್ರೆ. ಹತ್ತಿರ ಹತ್ತಿರ 270 ಕಿ.ಮೀ., ಬರೀ ಹೆದ್ದಾರಿ 66ರಲ್ಲಿ ಲಾರಿಯ ಬೆನ್ನು ನೋಡುವುದೇ ಆಗುತ್ತದೆ. ಎಲ್ಲರೂ ಅಂದುಕೊಂಡ ಹಾಗೆ ಆ ರಸ್ತೆಯಿಂದ ಕಡಲು ಕಾಣುವುದಿಲ್ಲ, ಅಲ್ಲೊಂದು ಇಲ್ಲೊಂದು ಕಡೆ ಮಾತ್ರ. ಜನ ಕಮ್ಮಿ ಇರುವ ಕಡಲು ಬೇಕಾದರೆ ರಸ್ತೆ ಇಲ್ಲದ ಕಡೆಗೇ ಹೋಗಬೇಕು, ಅಂದರೆ ಗೋಕರ್ಣದಿಂದ ಕುಮಟಾಕ್ಕೆ ನಡೆದು ಬನ್ನಿ.

ಮೊದಲ ದಿನ ಬೆಳಕು ಹರಿಯುವ ಹೊತ್ತಿಗೆ ಗೋಕರ್ಣ ಬಿಡಿ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್, ಆಮೇಲೆ ಬೇಲೆಕಾನ್ ದಾಟಿ ತದಡಿ. ಓಂ ಬೀಚಿನ ತನಕ ಜಾತ್ರೆ, ಅದು ದಾಟಿದ ಮೇಲೆ ಹಾಫ್ ಮೂನಿಗೂ ಪ್ಯಾರಡೈಸಿಗೂ ಗಾಡಿ ಹೋಗುವ ರಸ್ತೆಯೇ ಇಲ್ಲ. ಗುಡ್ಡದ ಅಂಚಿನ ಕಾಲುದಾರಿ. ಇಳಿಜಾರಿನಲ್ಲಿ ಚಿರೆಕಲ್ಲಿನ ಸಣ್ಣ ಹರಳು ರಾಗಿ ಚೆಲ್ಲಿದ ಹಾಗೆ ಬಿದ್ದಿರುತ್ತದೆ, ಚಪ್ಪಲಿ ಹಾಕಿದರೆ ಜಾರುವುದು ಗ್ಯಾರಂಟಿ, ಅದರ ಮೇಲೆ ಬೆನ್ನಲ್ಲಿ ಹನ್ನೆರಡು ಕಿಲೋ ಬ್ಯಾಗ್ ಇದ್ದರೆ ಕೇಳುವುದೇ ಬೇಡ. ಶೂ ಹಾಕಿ. ಓಂ ಬೀಚಲ್ಲೇ ತಲೆಗೆ ಮೂರು ಲೀಟರ್ ನೀರು ತುಂಬಿಕೊಳ್ಳಿ, ಮುಂದೆ ಸಿಗುತ್ತದೆ ಅಂತ ನಂಬಬೇಡಿ. ಜನವರಿಯಲ್ಲೂ ಹನ್ನೊಂದು ಗಂಟೆ ಆದ ಮೇಲೆ ಗುಡ್ಡದ ಮೇಲೆ ನೆರಳಿಲ್ಲ.

ತದಡಿಯಲ್ಲಿ ತಾರಿ (ಹೊಳೆ ದಾಟಿಸುವ ದೋಣಿ) ಹತ್ತಿ ಅಘನಾಶಿನಿ ನದಿ ದಾಟಿ ಅದೇ ಹೆಸರಿನ ಊರಿಗೆ ಹೋಗಬೇಕು. ಈ ನದಿಗೆ ಎಲ್ಲೂ ಅಣೆಕಟ್ಟು ಕಟ್ಟಿಲ್ಲ. ನದಿ ಕಡಲು ಸೇರುವ ಅಳಿವೆಯಲ್ಲಿ ನೀರು ಇಳಿದಾಗ ಸೊಂಟದ ಮಟ್ಟ ನೀರಲ್ಲಿ ನಿಂತು ಬೆಳಚು (ತಿನ್ನುವ ಚಿಪ್ಪುಜೀವಿ) ಆರಿಸುವವರು ಕಾಣುತ್ತಾರೆ, ಬುಟ್ಟಿ ಪಕ್ಕದಲ್ಲೇ ತೇಲುತ್ತಿರುತ್ತದೆ. ರಾತ್ರಿ ಅಲ್ಲೇ ಸುತ್ತಮುತ್ತ ಹೋಂಸ್ಟೇ ಹಿಡಿಯಿರಿ, ನಾಲ್ವರಿಗೂ ಸೇರಿ ಒಂದೇ ರೂಮ್ ಕೇಳಿದರೆ ಕೊಡುತ್ತಾರೆ. ಮರುದಿನ ಕಾಗಾಲ, ಬಾಡ ಮೇಲಿಂದ ಕುಮಟಾ. ಈ ದಾರಿಯಲ್ಲಿ ಬೆಳಿಗ್ಗೆ ಹೊತ್ತು ನಿಮ್ಮ ಬಿಟ್ಟರೆ ಬಲೆ ಒಣಗಿಸುವವರು, ನಾಯಿಗಳು ಅಷ್ಟೇ ಇರುವುದು.

ಎರಡು ಗಾಲಿ ಪ್ರೇಮಿ:
ಕುಮಟಾದವರೇ, ಬೈಕ್ ಅಂದ ಕೂಡಲೇ ಹೆದ್ದಾರಿ ಅಂತ ಯಾಕೆ ಅಂದುಕೊಳ್ತೀರಿ? ಒಳರಸ್ತೆ ಹಿಡಿದರೆ ಆಯ್ತಲ್ವಾ. ತದಡಿ ತಾರಿಗೆ ಬೈಕೂ ಹತ್ತುತ್ತದೆ. ದಾರೇಶ್ವರ, ಅಪ್ಸರಕೊಂಡ, ಬೈಂದೂರಿನ ಒತ್ತಿನೆಣೆ, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು, ಬಸ್ಸು ನಿಮಗೋಸ್ಕರ ನಿಲ್ಲುತ್ತದಾ?

ಲೆಕ್ಕ ನೋಡಿ. ಹುಬ್ಬಳ್ಳಿಯಿಂದ ಹೋಗಿ ಬಂದು, ಒಳಗೆ ಸುತ್ತಿದ್ದೂ ಸೇರಿ 600 ಕಿ.ಮೀ. ಅಂತ ಇಟ್ಟುಕೊಳ್ಳಿ. ಲೀಟರಿಗೆ 45 ಕೊಟ್ಟರೆ ಸುಮಾರು 13 ಲೀಟರ್. ಪೆಟ್ರೋಲ್ ನೂರು ದಾಟಿದೆ, ಆದರೂ ಒಂದು ಬೈಕಿಗೆ 1400 ಆಗಬಹುದು, ಇಬ್ಬರಿಗೆ ಹಂಚಿದರೆ ತಲೆಗೆ 700. ಆದರೆ ಯಲ್ಲಾಪುರ–ಅಂಕೋಲಾ ನಡುವಿನ ಅರಬೈಲ್ ಘಾಟ್ ರಾತ್ರಿ ಬೇಡ. ಲಾರಿಗಳು ತಿರುವಿನಲ್ಲಿ ಪೂರ್ತಿ ರಸ್ತೆ ತಗೊಂಡು ಬರುತ್ತವೆ, ಕಟ್ಟಿದ ಬ್ಯಾಗ್ ಅಲ್ಲಾಡಿದರೂ ಬ್ಯಾಲೆನ್ಸ್ ಹೋಗುತ್ತದೆ.

ಕುಮಟಾದವ:
ಬೈಕನ್ನು ಪ್ಯಾರಡೈಸಿಗೆ ಹೊತ್ತುಕೊಂಡು ಹೋಗ್ತೀರಾ? ಗೋಕರ್ಣದಲ್ಲಿ ಬಿಟ್ಟು ನಡೆದರೆ ಕುಮಟಾ ಮುಟ್ಟಿದ ಮೇಲೆ ಮತ್ತೆ ಅದಕ್ಕೋಸ್ಕರ ವಾಪಸ್ ಹೋಗಬೇಕು. ಅಪ್ಸರಕೊಂಡದ ಮಾತು ಒಪ್ಪುತ್ತೇನೆ. ಮೇಲಿನಿಂದ ಕಾಣುವ ಕಡಲು ಚಂದ, ಆದರೆ ಅದಕ್ಕೆ ಹೊನ್ನಾವರದಿಂದ ಆಟೋ ಸಾಕು.

ಕುಂದಾಪ್ರ ಅಕ್ಕ:
ನಾಲ್ಕು ಸಾವಿರದಲ್ಲಿ ಆಗುತ್ತದೆ ಮಕ್ಕಳೇ, ಬೈಕ್ ಬೇಡ. ನಿಮ್ಮಲ್ಲಿ ಹುಡುಗಿಯರು ಇದ್ದಾರಲ್ವಾ? ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿದರೆ ಸರ್ಕಾರಿ ಸಾದಾ ಬಸ್ಸಲ್ಲಿ, ಎಕ್ಸ್‌ಪ್ರೆಸ್ಸಲ್ಲಿ ಅವರಿಗೆ ಪುಕ್ಕಟೆ. ರಾಜಹಂಸ, ಎಸಿ ಬಸ್ಸಿಗೆ ಇಲ್ಲ. ಹುಬ್ಬಳ್ಳಿಯಿಂದ ಅಂಕೋಲಾ, ಕುಮಟಾಕ್ಕೆ ಸರ್ಕಾರಿ ಬಸ್ಸು ಬೇಕಾದಷ್ಟಿದೆ. ಕುಂದಾಪುರ, ಉಡುಪಿ ಕಡೆ ಬಂದರೆ ಖಾಸಗಿ ಬಸ್ಸಿನವರದ್ದೇ ರಾಜ್ಯಭಾರ, ಅಲ್ಲಿ ಎಲ್ಲರೂ ಟಿಕೆಟ್ ತಗೊಳ್ಳಲೇಬೇಕು.

ಬೆಂಗಳೂರಿನವಳಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಲು ಹೇಳಿ. ಸಂಜೆ ಹೊರಟು ಬೆಳಿಗ್ಗೆ ಗೋಕರ್ಣ ರೋಡ್ ಸ್ಟೇಷನ್ನಿಗೆ ಬಿಡುತ್ತದೆ. 60 ದಿನ ಮೊದಲೇ ಬುಕಿಂಗ್ ತೆರೆಯುತ್ತದೆ, ಸ್ಲೀಪರ್ ಬೇಗ ತುಂಬುತ್ತದೆ. ಸ್ಟೇಷನ್ ಊರಲ್ಲಿಲ್ಲ, ಒಳಗೆ ಹೋಗಲು ಮತ್ತೆ ಆಟೋ ಬೇಕು.

ಕುಮಟಾದಿಂದ ದಕ್ಷಿಣಕ್ಕೆ ಲೋಕಲ್ ರೈಲಿನಲ್ಲಿ ಬನ್ನಿ. ಹೊನ್ನಾವರದ ಹತ್ತಿರ ಶರಾವತಿ ಸೇತುವೆ ಎರಡು ಕಿ.ಮೀ.ಗೂ ಉದ್ದ, ಕೊಂಕಣ ರೈಲ್ವೆಯಲ್ಲೇ ದೊಡ್ಡದು, ಬಾಗಿಲ ಹತ್ತಿರ ನೇತಾಡದೆ ಕಿಟಕಿಯಿಂದ ನೋಡಿ. ಭಟ್ಕಳದಲ್ಲಿ ಇಳಿದು ಕುಂದಾಪುರದ ಬಸ್ಸು ಹತ್ತಿ, ಬಲಗಡೆ ಕಿಟಕಿ ಹಿಡಿಯಿರಿ. ಮರವಂತೆಯಲ್ಲಿ ಬಲಕ್ಕೆ ಕಡಲು, ಎಡಕ್ಕೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ ಮಾತ್ರ. ಅಲ್ಲಿ ಇಳಿದು ಸಂಜೆ ಕಳೆಯಿರಿ, ನೀರಿಗಿಳಿಯಬೇಡಿ.

ಊಟಕ್ಕೆ ಬೀಚಿನ ಹೋಟೆಲು ಬಿಟ್ಟು ಬಂದರಿನ ಹತ್ತಿರದ ಸಣ್ಣ ಖಾನಾವಳಿ ಹುಡುಕಿ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಸಾಕು. ಅಂಜಲ್ ಫ್ರೈ ಕೇಳಿದರೆ ನಿಮ್ಮ ಬಜೆಟ್ ಅಲ್ಲೇ ಮುಗಿಯಿತು. ಬೆಳಿಗ್ಗೆ ಬನ್ಸ್ ಅಥವಾ ಗೋಳಿಬಜೆ, ಚಾ.

ಹುಬ್ಬಳ್ಳಿ ಅಲೆಮಾರಿ:
ಅಕ್ಕಾ, ಕುಮಟಾದ ಅಣ್ಣಾ, ತುಂಬಾ ಥ್ಯಾಂಕ್ಸ್. ಬೈಕ್ ಗೆಳೆಯನಿಗೆ ಇದನ್ನೆಲ್ಲ ತೋರಿಸಿದೆ, ಮುಖ ಊದಿಸಿಕೊಂಡಿದ್ದಾನೆ, ಆದ್ರೂ ನಡಿಗೆಗೆ ಒಪ್ಪಿದ. ಟೆಂಟ್ ವಿಷಯ ಯಾರೂ ಹೇಳಲಿಲ್ಲ. ಈಜಕ್ಕೆ ಯಾವ ಬೀಚ್ ಒಳ್ಳೇದು? ಇಬ್ಬರಿಗೆ ಚೆನ್ನಾಗಿ ಈಜು ಬರುತ್ತದೆ.

ಕುಮಟಾದವ:
ಕೆರೆ, ಬಾವಿಯ ಈಜು ಇಲ್ಲಿ ನಡೆಯುವುದಿಲ್ಲ. ದಡದಿಂದ ಒಳಗೆ ಎಳೆಯುವ ನೀರು ಇರುತ್ತದೆ, ಮೇಲಿಂದ ನೋಡಿದರೆ ಅಲ್ಲೇ ಅಲೆ ಕಮ್ಮಿ, ಶಾಂತವಾಗಿದೆ ಅನ್ನಿಸುತ್ತದೆ. ಅದಕ್ಕೇ ಎಲ್ಲರೂ ಅಲ್ಲೇ ಇಳಿಯುವುದು. ಸಿಕ್ಕಿಕೊಂಡರೆ ದಡದ ಕಡೆ ಬಡಿದಾಡಬೇಡಿ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಮುರ್ಡೇಶ್ವರದಲ್ಲಿ 2024ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ಶಾಲಾ ಹುಡುಗಿಯರು ಮುಳುಗಿ ಹೋಗಿಬಿಟ್ಟರು. ಜೀವರಕ್ಷಕರು ಇರುವ ಕಡೆ, ಅವರು ಹೇಳಿದಷ್ಟೇ ದೂರ ಇಳಿಯಿರಿ. ಹಾಫ್ ಮೂನ್, ಪ್ಯಾರಡೈಸಲ್ಲಿ ಕಾಲು ಒದ್ದೆ ಮಾಡಿಕೊಂಡರೆ ಸಾಕು.

ಟೆಂಟ್ ಮನೆಯಲ್ಲೇ ಬಿಡಿ. ಪೊಲೀಸರು ಎಬ್ಬಿಸಿದರೆ ನಡುರಾತ್ರಿ ಎಲ್ಲಿ ಹೋಗ್ತೀರಿ? ಅದೂ ಅಲ್ಲದೆ ಜನವರಿ ಅಂದರೆ ಕಡಲಾಮೆ ಮೊಟ್ಟೆ ಇಡುವ ಕಾಲ. ಹೊನ್ನಾವರದ ಕಾಸರಕೋಡು ಟೊಂಕದ ಕಡೆ ಅರಣ್ಯ ಇಲಾಖೆಯವರು ಗೂಡಿಗೆ ಬಲೆ ಕಟ್ಟಿ ಕಾಯುತ್ತಾರೆ. ಟಾರ್ಚ್, ಬೆಂಕಿ ಬೆಳಕು ಕಂಡರೆ ಆಮೆ ಮೇಲೆ ಬರದೆ ವಾಪಸ್ ಹೋಗುವುದೂ ಉಂಟು.

ಇನ್ನೊಂದು ಮರೆತೆ. ತದಡಿಯಿಂದ ಕೊನೆ ತಾರಿ ಎಷ್ಟು ಗಂಟೆಗೆ ಅಂತ ಗೋಕರ್ಣ ಬಿಡುವ ಮೊದಲೇ ಕೇಳಿಟ್ಟುಕೊಳ್ಳಿ. ಅದು ತಪ್ಪಿದರೆ ಮಾದನಗೇರಿ, ಮಿರ್ಜಾನ್ ಮೇಲೆ ಕುಮಟಾಕ್ಕೆ ಸುತ್ತಿ ಬರಬೇಕು, ಆ ಹೊತ್ತಲ್ಲಿ ಆಟೋದವರು ಹೇಳಿದ್ದೇ ರೇಟು.