ಹೊಟ್ಟೆಯಲ್ಲಿ ಆನೆ ಇದ್ದ ದಂಡನಾಯಕ

ಬರ್ಲಿನ್ನಿನ ನಮ್ಮ ಗುಂಪಿನಲ್ಲಿ ಸೀನನಿಗೆ ಈ ವರ್ಷವೂ ಪ್ರಮೋಷನ್ ತಪ್ಪಿತು. ಭಾನುವಾರ ಬಿಸಿಬೇಳೆಬಾತಿಗೆ ಬಂದವನು ಕೂತ ತಕ್ಷಣ ಶುರು ಮಾಡಿದ.

"ರಾಜೀನಾಮೆ ಬರೆದಿಟ್ಟಿದೀನಿ ಕಣ್ರೋ. ನನ್ನ ಜೂನಿಯರ್‌ನ ತಂದು ನನ್ನ ತಲೆ ಮೇಲೆ ಕೂರಿಸಿದ್ರು."

"ಬ್ಲೂಷರ್‌ಗೂ ಹಿಂಗೇ ಆಗಿದ್ದು," ಎಂದ ರಮೇಶ.

"ಅದ್ಯಾರೋ?"

"ಒಪೆರಾ ಪಕ್ಕ ಕತ್ತಿ ಹಿಡ್ಕೊಂಡು ನಿಂತಿದಾನಲ್ಲ, ಹೆಂಡ್ತಿ ಫೋಟೊ ತೆಗೆಯೋವಾಗ ತಲೆ ಹಾರಿಸಿದ್ಯಲ್ಲ, ಅವ್ನೇ, ನೆಪೋಲಿಯನ್ ಜೊತೆ ಕಾದಾಡಿದ ದಂಡನಾಯಕ. 1742ರಲ್ಲಿ ರಾಸ್ಟಾಕ್‌ನಲ್ಲಿ ಹುಟ್ಟಿದ ಕುಲೀನ ಮನೆತನದವನು. ಸ್ವೀಡನ್ನಿನ ಹುಸಾರ್ ಪಡೆ ಸೇರಿದ. ಹುಸಾರ್ ಅಂದ್ರೆ ಹಗುರ ಕುದುರೆ ಸವಾರರು, ಮೀಸೆ ಜಾಸ್ತಿ, ಭಯ ಕಮ್ಮಿ. 1760ರಲ್ಲಿ ಪ್ರಷ್ಯದವರು, ಅಂದ್ರೆ ಬರ್ಲಿನ್ ರಾಜಧಾನಿಯಾಗಿದ್ದ ಜರ್ಮನ್ ರಾಜ್ಯದವರು, ಸೆರೆ ಹಿಡಿದ್ರು. ಇವ್ನು ಅವ್ರ ಪಡೆಗೇ ಸೇರ್ಕೊಂಡ!"

"ಇಂಟರ್‌ವ್ಯೂನೇ ಇಲ್ದೆ ಆಫರ್ ಲೆಟರ್," ಎಂದೆ.

"ಬಡ್ತಿ ತಪ್ಪಿತು ಅಂತ ಸಿಟ್ಟಲ್ಲಿ ರಾಜೀನಾಮೆ ಕೊಟ್ಟ. ರಾಜ ಫ್ರೆಡ್ರಿಕ್, 'ಬ್ಲೂಷರ್ ಹಾಳಾಗಿ ಹೋಗ್ಲಿ' ಅಂದ್ಬಿಟ್ಟ. 1773ರ ಮಾತು."

"ಆಮೇಲೆ?" ಸೀನನಿಗೆ ಆಸೆ.

"ಬೇಸಾಯ ಮಾಡ್ದ, ಹದಿನಾಲ್ಕು ವರ್ಷ. 1786ರಲ್ಲಿ ರಾಜ ಸತ್ತ, 1787ರಲ್ಲಿ ಇವ್ನು ವಾಪಸ್."

"ನಿಮ್ಮ ಮ್ಯಾನೇಜರ್‌ಗೆ ವಯಸ್ಸೆಷ್ಟೋ?" ಎಂದೆ.

"ಮೂವತ್ತೆಂಟು. ಮ್ಯಾರಥಾನ್ ಓಡ್ತಾನೆ."

ಸ್ವಲ್ಪ ಹೊತ್ತು ಹಪ್ಪಳದ ಸದ್ದು ಬಿಟ್ಟರೆ ಏನೂ ಇಲ್ಲ.

ರಮೇಶನೇ ಮುಂದುವರಿಸಿದ: "1806ರಲ್ಲಿ ನೆಪೋಲಿಯನ್ ಪ್ರಷ್ಯಾನ ಪುಡಿ ಮಾಡ್ದ. ಎಲ್ರೂ ಶರಣಾಗ್ತಿದ್ರೆ ಈ ಮುದುಕ ಲ್ಯೂಬೆಕ್‌ವರೆಗೂ ಕಾದಾಡ್ಕೊಂಡು ಹೋದ. ಕೊನೇಗೆ ಶರಣಾಗತಿ ಪತ್ರದಲ್ಲಿ ಏನು ಬರೆದ ಗೊತ್ತಾ? ಬ್ರೆಡ್ಡಿಲ್ಲ, ಮದ್ದುಗುಂಡಿಲ್ಲ, ಅದಕ್ಕೇ ಶರಣು ಅಂತ."

"ಮರ್ಯಾದಸ್ಥ."

"ಮರ್ಯಾದಸ್ಥನೇ, ಸ್ವಲ್ಪ ಸಡಿಲ ಅಷ್ಟೆ. ಯಾರೋ ಫ್ರೆಂಚ್ ಸೈನಿಕನಿಂದ ತಾನು ಬಸಿರಾಗಿದೀನಿ, ಹೊಟ್ಟೇಲಿ ಆನೆ ಇದೆ ಅಂತಿದ್ನಂತೆ. ಈ ಕಥೆ ಹೇಳಿದ್ದು ಇಂಗ್ಲಿಷ್ ದಂಡನಾಯಕ ವೆಲಿಂಗ್ಟನ್."

ಹೌದು, ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಅಧಿಕಾರ ನಡೆಸಿದ ವೆಲ್ಲೆಸ್ಲಿಯೇ. ನಿಜವಾದ ಆನೆಗಳನ್ನು ನೋಡಿದ್ದ ಆಸಾಮಿ. ಆ ಕಥೆ ಕೇಳುವಾಗ ಮುಖ ಹೇಗಿಟ್ಟುಕೊಂಡಿದ್ದನೋ!

"ಆನೆ ಹೊತ್ಕೊಂಡೇ 1813ರಲ್ಲಿ ಕಾಟ್ಸ್‌ಬಾಖ್ ಕದನದಲ್ಲಿ ಫ್ರೆಂಚರನ್ನ ಗೆದ್ದ, ಲೈಪ್‌ಜಿಗ್ ಕದನ ಆದ್ಮೇಲೆ ಫೀಲ್ಡ್ ಮಾರ್ಷಲ್ ಆದ. ಎಲ್ದಕ್ಕೂ 'ಮುಂದೆ! ಮುಂದೆ!' ಅನ್ನೋನು, ಸೈನಿಕರು 'ಮಾರ್ಷಲ್ ಮುಂದೆ' ಅಂತಾನೇ ಹೆಸರಿಟ್ರು. ಯೋಜನೆ ತಲೆಯೆಲ್ಲ ಇವ್ನ ಸೇನಾ ಸಿಬ್ಬಂದಿ ಮುಖ್ಯಸ್ಥ ಗ್ನೈಸೆನಾವ್‌ದು. ಆಕ್ಸ್‌ಫರ್ಡ್‌ನವರು ಇವ್ನಿಗೆ ಡಾಕ್ಟರೇಟ್ ಕೊಟ್ಟಾಗ, 'ನಾನು ಡಾಕ್ಟರ್ ಆದ್ರೆ ಗ್ನೈಸೆನಾವ್‌ನ ಔಷಧಿ ಅಂಗಡಿಯವನನ್ನಾಗಿ ಮಾಡಿ, ಮಾತ್ರೆ ಕಟ್ಟೋನು ಅವ್ನೇ' ಅಂದ."

"ನಮ್ಮ ಮ್ಯಾನೇಜರ್ ಯಾವತ್ತಾದ್ರೂ ಹಂಗಂದಿದಾನಾ?" ಸೀನ ನಿಟ್ಟುಸಿರಿಟ್ಟ.

"1815ರ ಜೂನ್ 16, ಲಿನ್ಯಿಯಲ್ಲಿ ನೆಪೋಲಿಯನ್ ಜೊತೆ ಕದನ. ವಯಸ್ಸು 72. ಗುಂಡೇಟಿಗೆ ಕುದುರೆ ಉರುಳಿ ಇವ್ನ ಮೇಲೇ ಬಿತ್ತು. ಕತ್ತಲಾಗ್ತಿತ್ತು, ಫ್ರೆಂಚ್ ಸವಾರರು ಪಕ್ಕದಲ್ಲೇ ಹಾದು ಹೋದ್ರೂ ಗುರುತು ಸಿಗ್ಲಿಲ್ಲ. ಜೊತೆಗಿದ್ದ ಸಹಾಯಕ ನಾಸ್ಟಿಟ್ಸ್ ಎಳೆದು ಉಳಿಸ್ದ. ಎರಡೇ ದಿನಕ್ಕೆ ಮೈಗೆಲ್ಲ ಔಷಧಿ ತಿಕ್ಕಿಸ್ಕೊಂಡು, ಕೆಸರಲ್ಲಿ ಫಿರಂಗಿ ಎಳೆಸ್ಕೊಂಡು ವಾಟರ್ಲೂಗೆ ಹಾಜರ್. ಅಲ್ಲಿ ನೆಪೋಲಿಯನ್ ಎದುರು ಕಾದಾಡ್ತಿದ್ದ ವೆಲಿಂಗ್ಟನ್‌ಗೆ ಆಗ ಹೋದ ಜೀವ ಬಂತು. ಇಲ್ಲಿಯವರು ಈಗ್ಲೂ ಯಾರಾದ್ರೂ ನುಗ್ಗಿದ್ರೆ 'ಬ್ಲೂಷರ್ ಥರ' ಅಂತಾರೆ."

ಅಷ್ಟರಲ್ಲಿ ಸೀನ ಪಾತ್ರೆಯ ಮೇಲೆ ಬ್ಲೂಷರ್ ಥರವೇ ನುಗ್ಗಿದ್ದ. ಸೌಟು ತಳಕ್ಕೆ ಟಣ್ಣೆಂದಿತು. ಡಬ್ಬಿ ಅಲ್ಲಾಡಿಸಿ ನೋಡಿ ಕೈಯೆತ್ತಿದ.

"ಬಾತಿಲ್ಲ, ಖಾರಾಬೂಂದಿನೂ ಇಲ್ಲ. ಶರಣು ಕಣ್ರಪ್ಪಾ."