ಸಿ-ಎ-ಟಿ ಕ್ಯಾಟ್ ಬರುತ್ತೆ, ಸಿ-ಎ-ಪಿ ಬರಲ್ಲ. ಫೋನಿಕ್ಸ್ ಎಲ್ಲಿಂದ ಶುರು ಮಾಡಲಿ?

ಅರಸೀಕೆರೆ ಮಿಸ್:

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ (ಆಟ, ಚಟುವಟಿಕೆಗಳಿಂದ ಕಲಿಸುವ ಪದ್ಧತಿ) ಟೀಚರ್. ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕನ್ನಡ ಹೇಗೋ ದಡ ಸೇರುತ್ತದೆ. ಇಂಗ್ಲಿಷ್ ಓದಿಸುವುದೇ ತಲೆನೋವು.

ಎರಡನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ಬಾಯಿ ಜೋರು. "ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು" ಎಂದು ರಾಗವಾಗಿ ಹೇಳುತ್ತಾಳೆ. ಮೊನ್ನೆ ಕೊನೆಯ ಟಿ ಅಳಿಸಿ ಅಲ್ಲಿ ಪಿ ಬರೆದೆ. "ಸಿ ಎ ಪಿ" ಎಂದಳು. ಸರಿ, ಏನಾಯಿತು ಎಂದು ಕೇಳಿದೆ. ಬೋರ್ಡ್ ಮೇಲೆ ಕೆಳಗೆ ನೋಡಿ, "ಚಿತ್ರ ಎಲ್ಲಿ ಮಿಸ್?" ಎಂದಳು. ಅಂದರೆ ಅವಳು ಇಷ್ಟು ದಿನ ಓದುತ್ತಿದ್ದದ್ದು ಬೆಕ್ಕಿನ ಚಿತ್ರವನ್ನು, ಅಲ್ವಾ?

ಟೀಚರ್‌ಗಳ ಸಮಾಲೋಚನಾ ಸಭೆಯಲ್ಲಿ ಫೋನಿಕ್ಸ್ ಮಾಡಿಸಿ, ಅಂದರೆ ಅಕ್ಷರದ ಹೆಸರಿನ ಬದಲು ಅದರ ಸದ್ದಿನಿಂದ ಓದು ಕಲಿಸಿ, ಎಂದರು. ಯೂಟ್ಯೂಬ್ ನೋಡಿ ಮಾಡಿಸಿದೆ. ಈಗ 26 ಅಕ್ಷರಗಳ ಸದ್ದನ್ನೂ ಹಾಡಿನ ಹಾಗೆ ಹೇಳುತ್ತಾರೆ. ಆದರೆ ಬಿ ಎ ಟಿ ಎಂದು ಬರೆದರೆ "ಬ... ಅ... ಟ... ಬಅಟ" ಎನ್ನುತ್ತಾರೆ. ಅದು ಬ್ಯಾಟ್ ಆಗುವುದೇ ಇಲ್ಲ. ಬ್ಯಾಟ್ ಗೊತ್ತಿಲ್ಲದ ಮಕ್ಕಳಾ ಇವರು? ಬಿಸಿಯೂಟದ ತಟ್ಟೆ ತೊಳೆದಿಟ್ಟ ಕೂಡಲೇ ಬ್ಯಾಟಿಗಾಗಿ ಕಿತ್ತಾಡುವವರು!

ಒಂದೊಂದೇ ಸದ್ದು ಬಂದರೂ ಪದ ಯಾಕೆ ಬರುವುದಿಲ್ಲ? ಎಲ್ಲಿಂದ ಶುರು ಮಾಡಲಿ? ದಯವಿಟ್ಟು ಚಾರ್ಟ್ ಕಳಿಸಬೇಡಿ. ಗೋಡೆಯಲ್ಲಿ ಜಾಗ ಇಲ್ಲ.

ರೆಡಿಂಗ್ ವಾಸಿ:

ನಮಸ್ಕಾರ ಮೇಡಂ. ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಒಂದು ಪ್ರೈಮರಿ ಶಾಲೆಯಲ್ಲಿ ಟೀಚಿಂಗ್ ಅಸಿಸ್ಟೆಂಟ್. ನಾಲ್ಕು-ಐದು ವರ್ಷದ ಮಕ್ಕಳ ರಿಸೆಪ್ಷನ್ ತರಗತಿಯಲ್ಲಿ ಇರುತ್ತೇನೆ. (ಊರಿನ ಹೆಸರನ್ನು ಬರೆಯುವುದು ‘ರೀಡಿಂಗ್’ ಎನ್ನುವ ಅಕ್ಷರಗಳಲ್ಲೇ. ಓದಲು ಕಲಿಯುವ ಮಕ್ಕಳಿಗೆ ಊರಿನ ಬೋರ್ಡೇ ಮೊದಲ ಪೆಟ್ಟು.)

ನಿಮ್ಮ ಮಕ್ಕಳಿಗೆ ಸದ್ದು ಬಂದಿದೆ, ಕೂಡಿಸುವುದು ಬಂದಿಲ್ಲ. ಅದು ತಾನಾಗಿ ಬರುವುದಿಲ್ಲ, ಬೇರೆಯಾಗಿಯೇ ಕಲಿಸಬೇಕು. ಇಲ್ಲಿ ಅದನ್ನು ಬ್ಲೆಂಡಿಂಗ್ ಎನ್ನುತ್ತಾರೆ. ಅಕ್ಷರ ತೋರಿಸುವ ಮುಂಚೆಯೇ ಬಾಯಿಮಾತಿನಲ್ಲಿ ಶುರು ಮಾಡುತ್ತೇವೆ. "ಹೋಗಿ ಕ್-ಅ-ಪ್ ತಗೊಂಡು ಬಾ" ಎನ್ನುತ್ತೇವೆ. ಮಗು ಮನಸ್ಸಿನಲ್ಲೇ ಕೂಡಿಸಿ ಕಪ್ ತರಬೇಕು. ಪುಸ್ತಕ ಇಲ್ಲ, ಬೋರ್ಡ್ ಇಲ್ಲ. ಕೈತೊಳೆಯಲು ಸಾಲು ನಿಂತಾಗ, ಕೋಟು ಹಾಕಿಕೊಳ್ಳುವಾಗ, ಸಿಕ್ಕ ಸಿಕ್ಕ ಹೊತ್ತಿನಲ್ಲಿ ಇದೇ ಆಟ. ಕಿವಿ ಪಳಗಿದ ಮೇಲೆ ಅಕ್ಷರ ಸುಲಭ.

ಎರಡನೆಯದು, ಎ ಬಿ ಸಿ ಡಿ ಸಾಲು ಬಿಟ್ಟುಬಿಡಿ. ಇಲ್ಲಿ ಮೊದಲು ಬರುವ ಆರು ಅಕ್ಷರ ಎಸ್, ಎ, ಟಿ, ಪಿ, ಐ, ಎನ್. ಈ ಆರೇ ಅಕ್ಷರದಲ್ಲಿ ಪಿನ್, ಟಿನ್, ಟ್ಯಾಪ್, ಪ್ಯಾನ್, ಸಿಟ್, ಸ್ಯಾಟ್, ನ್ಯಾಪ್ ಎಲ್ಲ ಓದಬಹುದು. ಎ ಬಿ ಸಿ ಡಿ ಇ ಎಫ್ ಕಲಿತರೆ ಏನು ಓದುತ್ತೀರಿ? ಬೆಡ್, ಬ್ಯಾಡ್, ಕ್ಯಾಬ್, ಮುಗೀತು. 26 ಮುಗಿಯಲಿ ಆಮೇಲೆ ಓದೋಣ ಎಂದು ಕಾಯಬೇಡಿ. ನಾಲ್ಕು ಅಕ್ಷರ ಆದ ದಿನವೇ ಪದ ಓದಿಸಿ.

ಶುರುವಿನಲ್ಲಿ ಎಳೆಯಲು ಬರುವ ಸದ್ದಿನ ಪದಗಳನ್ನೇ ಆರಿಸಿ. ಸ್‌ಸ್‌ಸ್, ಮ್‌ಮ್‌ಮ್, ನ್‌ನ್‌ನ್ ಎಂದು ಎಳೆಯುತ್ತಾ ಮುಂದಿನ ಸದ್ದಿಗೆ ಜಾರಬಹುದು. ಬಿ, ಟಿ, ಪಿ ಪಟ್ ಎಂದು ಮುಗಿದುಹೋಗುತ್ತವೆ. ಹಾಗಾಗಿ ಬ್ಯಾಟ್‌ಗಿಂತ ಮ್ಯಾಟ್ ಸುಲಭ, ಮ್ಯಾಟ್‌ಗಿಂತ ಮ್ಯಾನ್ ಇನ್ನೂ ಸುಲಭ.

ಚಿತ್ರದ ವಿಷಯ ನೀವು ಹೇಳಿದ್ದು ಸರಿ. ಇಲ್ಲಿ 2012ರಿಂದ ಇಯರ್ ಒನ್ ಮಕ್ಕಳಿಗೆ, ಅಂದರೆ ಐದು-ಆರು ವರ್ಷದವರಿಗೆ, ಜೂನ್‌ನಲ್ಲಿ ಒಂದು ಚೆಕ್ ಇದೆ. ಮಗು ಟೀಚರ್ ಪಕ್ಕ ಕೂತು 40 ಪದ ಓದುತ್ತದೆ. ಅದರಲ್ಲಿ 20 ಪದಗಳಿಗೆ ಅರ್ಥವೇ ಇಲ್ಲ! ಸುಮ್ನೆ ಕಟ್ಟಿದ ಪದಗಳು. ಪಕ್ಕದಲ್ಲಿ ಒಂದು ವಿಚಿತ್ರ ಪ್ರಾಣಿಯ ಚಿತ್ರ ಇರುತ್ತದೆ, ಇದು ಅದರ ಹೆಸರು ಎಂದು ಹೇಳುತ್ತಾರೆ. ಬಾಯಿಪಾಠ ಮಾಡಿದ ಮಗು ಅಲ್ಲಿ ಸಿಕ್ಕಿಬೀಳುತ್ತದೆ. ನೀವು ಟಿ ಅಳಿಸಿ ಪಿ ಬರೆದಿರಲ್ಲ, ಅದೇ ಪರೀಕ್ಷೆ ಇದು.

ಓದುಗ ಸಾಮಾನ್ಯ:

ಎಲ್ಲ ಸರಿ, ಆದರೆ ನಾವೆಲ್ಲ ಫೋನಿಕ್ಸ್ ಇಲ್ಲದೆಯೇ ಇಂಗ್ಲಿಷ್ ಓದಲಿಲ್ವಾ? ಐದನೇ ಕ್ಲಾಸಿನಲ್ಲಿ ಎ ಬಿ ಸಿ ಡಿ ಕಲಿತು ಇವತ್ತು ಸಾಫ್ಟ್‌ವೇರ್ ಕಂಪನಿಯಲ್ಲಿ ಇದ್ದೇನೆ. ಇದೆಲ್ಲ ಪುಸ್ತಕ ಮಾರುವವರ ಹೊಸ ದಂಧೆ.

ರೆಡಿಂಗ್ ವಾಸಿ:

ಸರ್, ನೀವು ಓದಿದಿರಿ. ನಿಮ್ಮ ಹಿಂದಿನ ಬೆಂಚಿನವರು ಏನಾದರು ಅನ್ನೋದು ಪ್ರಶ್ನೆ. ಸ್ಪೆಲ್ಲಿಂಗ್ ಬಾಯಿಪಾಠ ಮಾಡುತ್ತಾ ಒಳಗಿನ ನಿಯಮವನ್ನು ತಾವೇ ಕಂಡುಕೊಳ್ಳುವ ಮಕ್ಕಳು ಇರುತ್ತಾರೆ. ಕಂಡುಕೊಳ್ಳದವರಿಗೆ ಯಾರೂ ಹೇಳಿಕೊಡುವುದಿಲ್ಲ.

ದಂಧೆ ಇಲ್ಲ ಎಂದು ನಾನು ಹೇಳುವುದಿಲ್ಲ. ಇಲ್ಲಿ 2006ರಲ್ಲಿ ಓದು ಕಲಿಸುವ ಬಗ್ಗೆ ರೋಸ್ ವರದಿ ಬಂದ ಮೇಲೆ ಸರ್ಕಾರವೇ ಫೋನಿಕ್ಸ್ ಹಿಂದೆ ನಿಂತಿತು. ಕಾರ್ಡು, ಪುಸ್ತಕ, ಗೊಂಬೆ ಎಲ್ಲ ಮಾರಾಟಕ್ಕೆ ಬಂದವು. ಚೆಕ್ ಶುರುವಾದ 2012ರಲ್ಲಿ ನೂರಕ್ಕೆ 58 ಮಕ್ಕಳು ಪಾಸಾದರು, 2019ರ ಹೊತ್ತಿಗೆ 82. ಇದರಲ್ಲಿ ಎಷ್ಟು ಓದು, ಎಷ್ಟು ಚೆಕ್‌ಗೆಂದೇ ಮಾಡಿಸಿದ ತಯಾರಿ ಎಂದು ಇಲ್ಲಿನ ಟೀಚರ್‌ಗಳೇ ಜಗಳ ಆಡುತ್ತಾರೆ. ಚೆನ್ನಾಗಿ ಓದುವ ಮಗು ಆ ಸುಳ್ಳು ಪದವನ್ನು ತನಗೆ ಗೊತ್ತಿರುವ ಪದವಾಗಿ ತಿದ್ದಿ ಓದಿ ಅಂಕ ಕಳೆದುಕೊಳ್ಳುವುದನ್ನೂ ನೋಡಿದ್ದೇನೆ. ಆದರೂ ಕೂಡಿಸಿ ಓದುವುದನ್ನು ಕಲಿಸಲೇಬೇಕು ಎನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಕೋಟೆ ಮೇಷ್ಟ್ರು:

ತಂಗಿ, ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನ ನಿವೃತ್ತ ಮೇಷ್ಟ್ರು. ನಲಿ-ಕಲಿ ಹುಟ್ಟಿದ್ದೇ ನಮ್ಮ ತಾಲ್ಲೂಕಿನಲ್ಲಿ, 1995ರಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದವರು ಯುನಿಸೆಫ್ ನೆರವಿನಿಂದ ಶುರು ಮಾಡಿದರು.

ಮೇಲಿನವರು ಎಸ್ ಎ ಟಿ ಪಿ ಎಂದು ಹೇಳಿದ್ದು ಓದಿ ನಗು ಬಂತು. ನೀವು ದಿನಾ ಮಾಡಿಸುತ್ತಿರುವುದೇ ಅದು! ನಲಿ-ಕಲಿಯಲ್ಲಿ ಅ ಆ ಇ ಈ ಇಂದ ಶುರು ಮಾಡುತ್ತೀರಾ? ಇಲ್ಲ. ರ ಗ ಸ ದ ಅ. ಯಾಕೆ? ಐದು ಅಕ್ಷರಕ್ಕೇ ಸರ, ರಸ, ದರ, ಅರಸ, ಗರಗಸ ಓದಬಹುದು. ಆಗ ನಮ್ಮೂರಿನ ತಂದೆತಾಯಿಗಳು ಬಂದು, "ಅ ಆ ಇ ಈ ಬರಲ್ಲ, ಗರಗಸ ಬರುತ್ತೆ, ಇದೆಂಥಾ ಪಾಠ ಮೇಷ್ಟ್ರೇ?" ಎಂದು ಕೇಳುತ್ತಿದ್ದರು. ಹಾಗಾಗಿ ಇಂಗ್ಲಿಷಿನಲ್ಲಿ ಎ ಬಿ ಸಿ ಡಿ ಸಾಲು ಮುರಿಯಲು ನಿಮಗೆ ಧೈರ್ಯ ಬೇಕಿಲ್ಲ. ಕನ್ನಡದಲ್ಲಿ ಆಗಲೇ ಮುರಿದಿದ್ದೀರಿ.

ಈಗ ‘ಬಅಟ’ದ ವಿಷಯ. ಮಕ್ಕಳ ತಪ್ಪಲ್ಲ ಅದು. ಕನ್ನಡದ ಬ ಒಳಗೆ ಅ ಕೂತಿದೆ. ಮಕ್ಕಳಿಗೆ ಇಂಗ್ಲಿಷಿನ ಬಿ ಅಂದರೆ ‘ಬ’ ಎಂದು ಕೊಟ್ಟರೆ, ಪ್ರತಿ ಅಕ್ಷರಕ್ಕೂ ಒಂದು ಅ ಅಂಟಿಕೊಂಡು ಬರುತ್ತದೆ. ಅದನ್ನು ಇಟ್ಟುಕೊಂಡು ಕೂಡಿಸಲು ಸಾಧ್ಯವೇ ಇಲ್ಲ. ಕೊಡಬೇಕಾದದ್ದು ಬ್, ಟ್, ಪ್. ಬಾಯಿ ಮುಚ್ಚಿ ಬಿಟ್ಟಂಥ ಸದ್ದು.

ಇದರಲ್ಲಿ ಕನ್ನಡದ ಮಕ್ಕಳಿಗೆ ಒಂದು ಅನುಕೂಲ ಇದೆ. ನಮ್ಮಲ್ಲಿ ಕಾಗುಣಿತ ಇದೆಯಲ್ಲ. ಕ್ ಮತ್ತು ಆ ಸೇರಿ ಕಾ, ಕ್ ಮತ್ತು ಇ ಸೇರಿ ಕಿ. ಮೂರನೇ ತರಗತಿ ಮಗುವಿಗೆ ಇದನ್ನು ಬೋರ್ಡ್ ಮೇಲೆ ಬಿಡಿಸಿ ತೋರಿಸಿ. ಪ್, ಇ, ನ್ ಎಂದು ಬರೆದು ಸೇರಿಸು ಎನ್ನಿ. ಪಿನ್ ಎನ್ನುತ್ತದೆ. ಆಮೇಲೆ ಅದರ ಕೆಳಗೆ ಇಂಗ್ಲಿಷಿನ ಮೂರು ಅಕ್ಷರ ಬರೆಯಿರಿ. ಇಂಗ್ಲಿಷಿನವರು ಈ ಅರ್ಧ ಸದ್ದನ್ನು ಬರಿ ಕಿವಿಯಿಂದ ಹಿಡಿಯಬೇಕು. ನಮಗೆ ಬರೆದು ತೋರಿಸಲು ಲಿಪಿಯೇ ಇದೆ.

ಇನ್ನೊಂದು. ಅಕ್ಷರದ ಹೆಸರನ್ನು ಸದ್ಯಕ್ಕೆ ಕಪಾಟಿನಲ್ಲಿ ಇಟ್ಟು ಬೀಗ ಹಾಕಿ. ಐ ಎನ್ನುವ ಅಕ್ಷರದ ಸದ್ದು ಇ. ಇ ಎನ್ನುವ ಅಕ್ಷರದ ಸದ್ದು ಎ. ಎ ಎನ್ನುವ ಅಕ್ಷರದ ಸದ್ದು ಆ್ಯ. ಪಿ-ಇ-ಎನ್ ಪೆನ್ ಎಂದು ಹೇಳಿಸಿದರೆ ಕನ್ನಡದ ಕಿವಿಗೆ ಅದು ಪಿನ್ ಎಂದೇ ಕೇಳುತ್ತದೆ. ಹೆಸರು ಬೇಡ, ಸದ್ದು ಸಾಕು.

ಜಯನಗರದಮ್ಮ:

ಮೇಷ್ಟ್ರೇ, ಕ್ಷಮಿಸಿ, ಒಂದು ಮಾತು ಒಪ್ಪುವುದಿಲ್ಲ. ಕನ್ನಡದಲ್ಲಿ ಬರೆದು ಕೊಟ್ಟರೆ ಮಕ್ಕಳು ಅದನ್ನೇ ಓದುತ್ತಾರೆ, ಇಂಗ್ಲಿಷ್ ಅಕ್ಷರದ ಕಡೆ ಕಣ್ಣೇ ಹಾಕುವುದಿಲ್ಲ. ನಮ್ಮ ಕೆಲಸದವರ ಮಗ ಹಾಗೇ. ಗೈಡಿನಲ್ಲಿ ಪ್ರತಿ ಪದದ ಕೆಳಗೆ ಕನ್ನಡ ಬರೆದುಕೊಂಡು ಏಳನೇ ತರಗತಿವರೆಗೆ ಬಂದಿದ್ದಾನೆ. ಕನ್ನಡ ಮುಚ್ಚಿದರೆ ಒಂದು ಸಾಲೂ ಬರುವುದಿಲ್ಲ.

ನನ್ನ ಮಗಳ ಶಾಲೆಯಲ್ಲಿ ಫೋನಿಕ್ಸ್ ಎಂದು ಬೇರೆ ಫೀಸ್ ತೆಗೆದುಕೊಂಡರು. ಹಾಡು, ಕುಣಿತ, ಎಲ್ಲ ಆಯಿತು. ಯುಕೆಜಿ ಮುಗಿದರೂ ಮೂರಕ್ಷರದ ಪದ ಓದಲಿಲ್ಲ. ಕೂಡಿಸುವುದನ್ನು ಅಲ್ಲೂ ಕಲಿಸಿರಲಿಲ್ಲ.

ಕೋಟೆ ಮೇಷ್ಟ್ರು:

ನೀವು ಹೇಳುವುದು ನಿಜ ತಾಯಿ. ಕೆಳಗೆ ಬರೆದು ಬಿಡುವುದಲ್ಲ. ಒಮ್ಮೆ ತೋರಿಸಿ ಡಸ್ಟರ್‌ನಿಂದ ಅಳಿಸಬೇಕು. ನೋಟ್‌ಬುಕ್ಕಿಗೆ ಅದು ಹೋಗಲೇಬಾರದು.

ರೆಡಿಂಗ್ ವಾಸಿ:

ನಾನು ಜಯನಗರದವರ ಪಕ್ಷ. ಒಮ್ಮೆಯೂ ಬೇಡ ಎನ್ನುತ್ತೇನೆ. ಆದರೆ ಮೂರು ತರಗತಿಯನ್ನು ಒಂದೇ ಕೋಣೆಯಲ್ಲಿ ನಾನು ನಿಭಾಯಿಸಿಲ್ಲ, ಹಾಗಾಗಿ ಜಾಸ್ತಿ ವಾದ ಮಾಡುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ. ನಮ್ಮ ಶಾಲೆಯಲ್ಲಿ ಮನೆಯಲ್ಲಿ ಪಂಜಾಬಿ, ಪೋಲಿಷ್, ತಮಿಳು ಆಡುವ ಮಕ್ಕಳಿದ್ದಾರೆ. ಕೆಲವರು ಚೆಕ್‌ನ ಪದಗಳನ್ನೆಲ್ಲ ಸರಸರ ಓದುತ್ತಾರೆ, ಅರ್ಥ ಕೇಳಿದರೆ ಪಿಳಿಪಿಳಿ ನೋಡುತ್ತಾರೆ. ಇಲ್ಲಿನ ಮಗುವಿಗೆ ಪದ ಮೊದಲೇ ಕಿವಿಯಲ್ಲಿ ಇರುತ್ತದೆ. ಸ್-ಇ-ಟ್ ಎಂದು ಕೂಡಿಸಿದ ಕೂಡಲೇ "ಓ, ಸಿಟ್!" ಎನ್ನುತ್ತದೆ. ಆ "ಓ" ಇಲ್ಲದಿದ್ದರೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಮೇಡಂ, ನಿಮ್ಮ ಮಕ್ಕಳಿಗೆ ಗೊತ್ತಿರುವ ಇಂಗ್ಲಿಷ್ ಪದಗಳನ್ನು ಮೊದಲು ಪಟ್ಟಿ ಮಾಡಿ.

ಅರಸೀಕೆರೆ ಮಿಸ್:

ಪಟ್ಟಿ ಮಾಡಿದೆ. ಮಕ್ಕಳನ್ನೇ ಕೇಳಿದೆ, ಮನೆಯಲ್ಲಿ ಆಡುವ ಇಂಗ್ಲಿಷ್ ಪದ ಹೇಳಿ ಎಂದು. ಮೊದಲು ಸುಮ್ಮನೆ ಕೂತಿದ್ದರು. "ಬಸ್ಸು ಇಂಗ್ಲಿಷಾ ಮಿಸ್?" ಎಂದು ಒಬ್ಬ ಕೇಳಿದ ಮೇಲೆ ಬೋರ್ಡ್ ತುಂಬಿಹೋಯಿತು. ಬಸ್, ಪೆನ್, ಕಪ್, ಟಿನ್, ಬ್ಯಾಗ್, ಮಗ್, ಟಬ್, ಬಲ್ಬ್, ಗ್ಯಾಸ್. ತೆಂಗಿನ ತೋಟದ ಮನೆಯ ಹುಡುಗ ‘ಪಂಪ್‌ಸೆಟ್’ ಎಂದ! ನಾನು ಬರೆದು ನೋಡಿದೆ. ಪ್-ಅ-ಮ್-ಪ್, ಸ್-ಎ-ಟ್. ಒಂದು ಅಕ್ಷರವೂ ಮೋಸ ಮಾಡುವುದಿಲ್ಲ. ಇಷ್ಟು ಉದ್ದದ ಪದವನ್ನು ಅವನು ಕೂಡಿಸಿ ಓದಿದ ಮೇಲೆ ಉಳಿದವರಿಗೆ ಹಟ ಬಂತು.

‘ತಗೊಂಡು ಬಾ’ ಆಟವೂ ಚೆನ್ನಾಗಿ ನಡೆಯುತ್ತಿದೆ. ಬಾಯಿ ಜೋರಿನ ಹುಡುಗಿ ಟ್-ಇ-ನ್ ಎಂದರೆ ಅಡುಗೆ ಕೋಣೆಯಿಂದ ಎಣ್ಣೆ ಟಿನ್ ಎಳೆದುಕೊಂಡು ಬಂದಳು. ಅಡುಗೆಯವರು ನನ್ನನ್ನು ಬೈದರು.

ಈಗ ಹೊಸ ತೊಂದರೆ. ಬಸ್ ಎಂದು ಓದಿದವರು ಕೊನೆಗೆ ‘ಬಸ್ಸು’ ಎಂದೇ ಮುಗಿಸುತ್ತಾರೆ. ಅದು ಇರಲಿ, ನಾನೂ ಹಾಗೇ ಮಾತಾಡುತ್ತೇನೆ. ಆದರೆ ಪ್ಯಾನ್ ಮತ್ತು ಪೆನ್ ಎರಡನ್ನೂ ಒಂದೇ ತರಹ ಓದುತ್ತಾರೆ. ಬ್ಯಾಡ್, ಬೆಡ್ ಕೂಡ ಹಾಗೇ. ಆ್ಯ ಎನ್ನುವ ಸದ್ದನ್ನು ಹೇಗೆ ಬೇರೆ ಮಾಡಿ ತೋರಿಸಲಿ? ಕನ್ನಡ ವರ್ಣಮಾಲೆಯಲ್ಲಿ ಅದು ಇಲ್ಲವಲ್ಲ.

ಕೋಟೆ ಮೇಷ್ಟ್ರು:

ವರ್ಣಮಾಲೆಯಲ್ಲಿ ಇಲ್ಲ, ಮಕ್ಕಳ ಬಾಯಲ್ಲಿ ಇದೆ. ನಿಮ್ಮ ಕಡೆ ಹಳ್ಳಿ ಮಕ್ಕಳು ‘ಬೇಡ’ ಎನ್ನುತ್ತಾರಾ? ‘ಬ್ಯಾಡ’ ಎನ್ನುತ್ತಾರೆ. ಮ್ಯಾಲೆ, ಪ್ಯಾಟೆ ಎನ್ನುತ್ತಾರೆ. ನಾವೇ ಅದನ್ನು ಹಳ್ಳಿ ಮಾತು ಎಂದು ತಿದ್ದುತ್ತೇವೆ. ಇಂಗ್ಲಿಷ್ ಪಾಠದಲ್ಲಿ ತಿದ್ದಬೇಡಿ. "ಬ್ಯಾಡ ಅನ್ನು, ಈಗ ಕೊನೆಯ ಅ ನುಂಗು" ಎನ್ನಿ, ಬ್ಯಾಡ್ ಬರುತ್ತದೆ. ‘ಬೆಲ್ಲ’ ಅನ್ನು ಎನ್ನಿ, ಬಾಯಿ ಅಷ್ಟು ತೆರೆಯುವುದಿಲ್ಲ, ಅದು ಬೆಡ್‌ನ ಎ. ಕೈಯನ್ನು ಗಲ್ಲದ ಕೆಳಗೆ ಇಟ್ಟುಕೊಂಡು ಹೇಳಿಸಿ. ಬ್ಯಾಡ ಎನ್ನುವಾಗ ದವಡೆ ಕೆಳಗೆ ಇಳಿಯುವುದು ಅವರಿಗೇ ಗೊತ್ತಾಗುತ್ತದೆ.

ಅರಸೀಕೆರೆ ಮಿಸ್:

ಅಯ್ಯೋ, ಬ್ಯಾಡ ಎಂದಾಗೆಲ್ಲ ತಿದ್ದುತ್ತಲೇ ಇದ್ದೆ. ನಾಳೆಯೇ ಮಾಡಿಸುತ್ತೇನೆ. ಮೇಷ್ಟ್ರೇ, ಒಂದನೇ ತರಗತಿಯ ಪುಟಾಣಿಗಳೂ ಅದೇ ಕೋಣೆಯಲ್ಲಿ ಇರುತ್ತಾರೆ. ಅವರನ್ನೂ ಸೇರಿಸಲಾ?

ಕೋಟೆ ಮೇಷ್ಟ್ರು:

ಬಾಯಾಟಕ್ಕೆ ಸೇರಿಸಿ. ಅಕ್ಷರಕ್ಕೆ ಬೇಡ. ಅವರಿಗೆ ಮೊದಲು ಗರಗಸ ಬರಲಿ.