ಜೋಳದ ಹಿಟ್ಟಿನ ಚಾಕೊಲೇಟ್ ಕುಕಿ: ಗೋಧಿಯೂ ಬೇಡ, ಬೆಣ್ಣೆಯೂ ಬೇಡ, ಉದುರಲೂ ಬಾರದು

ಪ್ರಶ್ನೆ: ಬಿಳಿಜೋಳ, ವಿಜಯಪುರ

ನನ್ನ ಮಗಳಿಗೆ ಈಗ 11 ವರ್ಷ. ಎರಡು ವರ್ಷಗಳ ಹಿಂದೆ ಅವಳಿಗೆ ಸೀಲಿಯಾಕ್ ಕಾಯಿಲೆ (ಗೋಧಿಯ ಅಂಟಿನಿಂದ ಕರುಳು ಹಾಳಾಗುವ ಕಾಯಿಲೆ) ಇದೆಯೆಂದು ಗೊತ್ತಾದ ದಿನದಿಂದ ಗೋಧಿ, ಮೈದಾ, ರವೆ, ಶಾವಿಗೆ ಯಾವುದನ್ನೂ ಅವಳ ತಟ್ಟೆಗೆ ಹಾಕುವಂತಿಲ್ಲ. ನಮ್ಮದು ಜೋಳದ ರೊಟ್ಟಿಯ ಸೀಮೆಯಾದ್ದರಿಂದ ದಿನದ ಊಟಕ್ಕೆ ಅಂಥ ತೊಂದರೆಯೇನೂ ಆಗಲಿಲ್ಲ. ತೊಂದರೆಯೆಲ್ಲ ಹಬ್ಬ ಹುಣ್ಣಿಮೆಗಳಲ್ಲಿ, ರಜೆಗೆ ಮಕ್ಕಳೆಲ್ಲ ಸೇರಿದಾಗ. ಡಿಸೆಂಬರ್ ಕೊನೆಗೆ ಬೆಂಗಳೂರಿನಿಂದ ಬರುವ ನನ್ನ ಅಣ್ಣನ ಮಗ ವೀಗನ್ ಆಗಿದ್ದಾನೆ. ಹಾಲು, ಮೊಸರು, ತುಪ್ಪ ಮುಟ್ಟುವುದಿಲ್ಲ, ಜೇನುತುಪ್ಪವೂ ಬೇಡವೆನ್ನುತ್ತಾನೆ. ಕಳೆದ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಶೇಂಗಾ ಹೋಳಿಗೆಯ ಬುಟ್ಟಿ ಬಿಚ್ಚಿದರೆ, ಕಣಕದ ಕಾರಣಕ್ಕೆ ಅದು ಮಗಳಿಗೆ ಬಾರದು, ತುಪ್ಪದ ಕಾರಣಕ್ಕೆ ಅವನಿಗೆ ಬಾರದು. ಇಬ್ಬರೂ ಬನ್ನಿ ಗಿಡದ ಬುಡದಲ್ಲಿ ಕುಳಿತು ಶೇಂಗಾ ಸುಲಿದುಕೊಂಡು ತಿಂದರು. ಅದನ್ನು ನೋಡಿದ ಮೇಲೆ, ಇಬ್ಬರೂ ಒಂದೇ ಡಬ್ಬಿಗೆ ಕೈ ಹಾಕಿ ತಿನ್ನುವಂಥದ್ದು ಏನಾದರೂ ಮಾಡಬೇಕೆಂದು ನಿಶ್ಚಯಿಸಿದ್ದೇನೆ. ಮಕ್ಕಳ ಬೇಡಿಕೆ ಚಾಕೊಲೇಟ್ ಕುಕಿ.

ಎರಡು ಸಲ ಪ್ರಯತ್ನಿಸಿದ್ದೇನೆ. ಮೊದಲ ಸಲ ಮೈದಾದ ಬದಲು ಜೋಳದ ಹಿಟ್ಟು, ಬೆಣ್ಣೆಯ ಬದಲು ಕುಸುಬಿ ಎಣ್ಣೆ ಹಾಕಿದೆ. ನೋಡಲು ಚೆನ್ನಾಗಿಯೇ ಬೆಂದವು, ಆದರೆ ಎತ್ತಿಕೊಂಡ ಕೂಡಲೇ ಒಣ ಮಣ್ಣಿನ ಹೆಂಟೆಯಂತೆ ಬೆರಳ ಸಂದಿಯಲ್ಲಿ ಉದುರಿಹೋದವು. ಉಳಿದದ್ದನ್ನು ತಿಂದರೆ ಹಲ್ಲಿಗೆ ಮರಳು ಸಿಕ್ಕಂತೆ ತರಿತರಿ. ಎರಡನೆಯ ಸಲ ಹಿಡಿದುಕೊಳ್ಳಲೆಂದು ಬಾಳೆಹಣ್ಣು ಕಿವುಚಿ ಹಾಕಿದೆ. ಉದುರಲಿಲ್ಲ, ಆದರೆ ಕುಕಿಯ ಬದಲು ಬಾಳೆಹಣ್ಣಿನ ವಾಸನೆಯ ಇಡ್ಲಿ ತಯಾರಾಯಿತು. ಮೊಟ್ಟೆಯೂ ಗೋಧಿಯ ಅಂಟೂ ಇಲ್ಲದೆ ಇದನ್ನು ಹಿಡಿದಿಡುವುದು ಹೇಗೆ? ಆ ತರಿ ಹೋಗಲು ಏನು ಮಾಡಬೇಕು? ನಮ್ಮ ಊರಿನ ಅಂಗಡಿಯಲ್ಲಿ ಸಿಗುವ ಚಾಕೊಲೇಟ್ ಈ ಇಬ್ಬರಿಗೂ ಆಗುವಂಥದ್ದೆಂದು ತಿಳಿಯುವುದು ಹೇಗೆ? ಮನೆಯಲ್ಲಿ ಸಣ್ಣ ಓಟಿಜಿ ಓವನ್ ಇದೆ.

ಉತ್ತರ 1: ಕ್ಯಾಂಪಿನ ಓವನ್, ಬೆಳಗಾವಿ

ಅಕ್ಕಾ, ನಮ್ಮ ಮನೆಯಲ್ಲಿ ಪ್ರತಿ ಕ್ರಿಸ್‌ಮಸ್‌ಗೆ ನೆವರಿ, ಕಲ್‌ಕಲ್ ಎಲ್ಲವೂ ಮೈದಾದಲ್ಲೇ ಆಗುತ್ತವೆ. ಸೊಸೆಗೆ ಗ್ಲುಟೆನ್, ಅಂದರೆ ನೀವು ಹೇಳಿದ ಆ ಗೋಧಿಯ ಅಂಟು, ಆಗುವುದಿಲ್ಲವೆಂದು ತಿಳಿದ ಮೇಲೆ ನಾನೂ ನಿಮ್ಮಂತೆಯೇ ಹಲವು ತಟ್ಟೆ ಕುಕಿ ಹಾಳು ಮಾಡಿ ಕಲಿತೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಅಡುಗೆಮನೆಯಲ್ಲೇ ಇದೆ. ರೊಟ್ಟಿ ಬಡಿಯುವಾಗ ತಣ್ಣೀರಿನಲ್ಲಿ ಹಿಟ್ಟು ಕಲಸುತ್ತೀರಾ? ಕುದಿಯುವ ಎಸರು ಹಾಕುತ್ತೀರಿ. ಜೋಳದಲ್ಲಿ ಗ್ಲುಟೆನ್ ಇಲ್ಲವಾದ್ದರಿಂದ, ಬಿಸಿನೀರು ತಾಗಿ ಪಿಷ್ಟ ಬೆಂದು ಉಬ್ಬಿದರೆ ಮಾತ್ರ ಹಿಟ್ಟಿಗೆ ಜಿಗಿ ಬರುತ್ತದೆ. ಇಲ್ಲದಿದ್ದರೆ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಕುಕಿಯಲ್ಲಿ ನೀರು ಕಡಿಮೆ, ಎಣ್ಣೆ ಹೆಚ್ಚು. ಎಣ್ಣೆ ಹಿಟ್ಟಿನ ಕಣವನ್ನು ಮೊದಲೇ ಸುತ್ತಿಕೊಂಡುಬಿಟ್ಟರೆ ಆಮೇಲೆ ನೀರು ಒಳಗೆ ಹೋಗುವುದಿಲ್ಲ. ನಿಮ್ಮ ಮೊದಲ ತಟ್ಟೆ ಉದುರಿದ್ದಕ್ಕೂ, ತರಿತರಿ ಆದದ್ದಕ್ಕೂ ಇದೇ ಮುಖ್ಯ ಕಾರಣ.

ನಾನು ಮಾಡುವ ಕ್ರಮ ಹೀಗಿದೆ. ಒಟ್ಟು 150 ಗ್ರಾಂ ಜೋಳದ ಹಿಟ್ಟಿನಲ್ಲಿ 2 ದೊಡ್ಡ ಚಮಚದಷ್ಟನ್ನು ಬೇರೆ ತೆಗೆದು, ಅದಕ್ಕೆ 3 ದೊಡ್ಡ ಚಮಚ ಕುದಿಯುವ ನೀರು ಸುರಿದು ಗಂಟಿಲ್ಲದಂತೆ ತಿರುವಿ ಅಂಬಲಿಯ ಹದಕ್ಕೆ ತಂದು ಮುಚ್ಚಿಡುತ್ತೇನೆ. ಇನ್ನೊಂದು ಬಟ್ಟಲಿನಲ್ಲಿ 1 ದೊಡ್ಡ ಚಮಚ ಅಗಸಿಯ ನುಣ್ಣನೆಯ ಪುಡಿಗೆ 2 ದೊಡ್ಡ ಚಮಚ ಬಿಸಿನೀರು ಹಾಕಿ ಹತ್ತು ನಿಮಿಷ ಬಿಡುತ್ತೇನೆ; ಅದು ಮೊಟ್ಟೆಯ ಬಿಳಿಯಂತೆ ಲೋಳೆಯಾಗಿ ಚಮಚದಿಂದ ಎಳೆಯೆಳೆಯಾಗಿ ಇಳಿಯತೊಡಗುತ್ತದೆ. ಒಂದು ಮೊಟ್ಟೆಯ ಬದಲಿಗೆ ಸಾಮಾನ್ಯವಾಗಿ 3 ಚಮಚ ನೀರು ಹೇಳುತ್ತಾರೆ, ಆದರೆ ಇಲ್ಲಿ ಅಂಬಲಿಯಲ್ಲಿಯೂ ನೀರಿರುವುದರಿಂದ ಒಂದು ಚಮಚ ಕಡಿಮೆ ಮಾಡಬೇಕು. ಚಟ್ನಿಗೆ ಹುರಿದಿಟ್ಟ ಅಗಸಿ ಬೇಡ, ಹಸಿಯದನ್ನೇ ಪುಡಿ ಮಾಡಿಕೊಳ್ಳಿ. ಅಂಬಲಿ, ಅಗಸಿಯ ಲೋಳೆ ಮತ್ತು 120 ಗ್ರಾಂ ಬೆಲ್ಲದ ಪುಡಿ ಇವು ಮೂರನ್ನೂ ಮೊದಲು ಬೆರೆಸಿ, ಉಳಿದ ಜೋಳದ ಹಿಟ್ಟು ಹಾಗೂ 30 ಗ್ರಾಂ ಅಕ್ಕಿ ಹಿಟ್ಟನ್ನು ಸೇರಿಸಿ ಕಾಲು ಗಂಟೆ ನೆನೆಯಲು ಬಿಡಬೇಕು. ಎಣ್ಣೆಯ ಸರದಿ ಬರುವುದು ಆಮೇಲೆ. ಇದೊಂದು ಕ್ರಮವನ್ನು ಮಾತ್ರ ದಯವಿಟ್ಟು ತಪ್ಪಿಸಬೇಡಿ.

ಎಣ್ಣೆಯ ವಿಷಯದಲ್ಲಿ ಕುಸುಬಿ, ಶೇಂಗಾ ಎರಡೂ ಆಗುತ್ತವೆ, ಆದರೆ ಅವು ಹೊರಗಿಟ್ಟಾಗ ಗಟ್ಟಿಯಾಗದ ಕಾರಣ ಕುಕಿ ಆರಿದ ಮೇಲೂ ಸಡಿಲವಾಗಿಯೇ ಇರುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಡಿಸೆಂಬರ್ ಮುಂಜಾನೆ ನಮ್ಮಲ್ಲಿ ಡಬ್ಬಿಯೊಳಗೆ ಅದು ಮೇಣದಂತೆ ಬಿಗಿದಿರುತ್ತದೆ. ವಾಸನೆ ಬೇಡವಾದರೆ ರಿಫೈನ್ಡ್ ಕೊಬ್ಬರಿ ಎಣ್ಣೆ 90 ಗ್ರಾಂ ಕರಗಿಸಿ ಹಾಕಿ. ಅದಾದ ಮೇಲೆ 30 ಗ್ರಾಂ ಕೋಕೋ ಪುಡಿ, ಅರ್ಧ ಸಣ್ಣ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಸಣ್ಣಗೆ ಹೆಚ್ಚಿದ 80 ಗ್ರಾಂ ಡಾರ್ಕ್ ಚಾಕೊಲೇಟ್. ಬೇಕಿಂಗ್ ಪೌಡರ್ ಬೇಕಾಗಿಲ್ಲ. ಬೆಲ್ಲದಲ್ಲಿಯೂ ಸಾದಾ ಕೋಕೋದಲ್ಲಿಯೂ ಸ್ವಲ್ಪ ಹುಳಿಯ ಗುಣ ಇರುವುದರಿಂದ ಸೋಡಾ ಅವುಗಳೊಂದಿಗೆ ಸೇರಿ ಉಬ್ಬುತ್ತದೆ. ಪೊಟ್ಟಣದ ಮೇಲೆ ಆಲ್ಕಲೈಸ್ಡ್ ಎಂದಿದ್ದರೆ ಆ ಕೋಕೋದ ಹುಳಿಯನ್ನು ಮೊದಲೇ ತೆಗೆದಿರುತ್ತಾರೆ; ಅಂಥದ್ದಕ್ಕೆ ಅರ್ಧ ಚಮಚ ನಿಂಬೆರಸ ಸೇರಿಸಿ, ಇಲ್ಲವಾದರೆ ಸೋಡಾದ ಸಾಬೂನಿನ ರುಚಿ ಉಳಿಯುತ್ತದೆ.

ಹಿಟ್ಟನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿರಿ. ಮೈದಾದ ಕುಕಿಯಂತೆ ಇದು ತಾನಾಗಿ ಹರಡಿಕೊಳ್ಳುವುದಿಲ್ಲ. ಮೊದಲೇ ಕಾಯಿಸಿದ ಓವನ್‌ನಲ್ಲಿ 170 ಡಿಗ್ರಿಯಲ್ಲಿ 11ರಿಂದ 12 ನಿಮಿಷ ಸಾಕು. ಹೊರಗೆ ತೆಗೆದಾಗ ಅದು ಬೆಂದಿಲ್ಲವೆಂದೇ ಅನ್ನಿಸುತ್ತದೆ. ಹತ್ತು ನಿಮಿಷ ತಟ್ಟೆಯಲ್ಲಿಯೇ ಬಿಡಿ, ಕೈ ಹಚ್ಚಬೇಡಿ; ಕೊಬ್ಬರಿ ಎಣ್ಣೆ ಆರುತ್ತ ಬಂದಂತೆ ತಾನೇ ಬಿಗಿಯುತ್ತದೆ.

ಉತ್ತರ 2: ಗಿರಣಿಯವರ ಮಗ, ಜಮಖಂಡಿ

ಮೇಲಿನ ಕ್ರಮ ಚೆನ್ನಾಗಿದೆ. ಆದರೆ ಹಿಟ್ಟು ಎಲ್ಲಿ ಬೀಸಿದ್ದೆಂದು ಯಾರೂ ಕೇಳಲಿಲ್ಲ. ನಮ್ಮ ತಂದೆಯವರು ಹಿಟ್ಟಿನ ಗಿರಣಿ ನಡೆಸುತ್ತಿದ್ದರು, ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಯೇ ಇರುತ್ತಿದ್ದೆ, ಆದ್ದರಿಂದ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಒಬ್ಬರ ಗೋಧಿ ಬೀಸಿ ಮುಗಿದ ಮೇಲೆ ಕಲ್ಲುಗಳ ನಡುವೆಯೂ, ಹಿಟ್ಟು ಇಳಿಯುವ ಬಟ್ಟೆಯ ಕೊಳವೆಯ ಮಡಿಕೆಗಳಲ್ಲಿಯೂ ಒಂದಿಷ್ಟು ಹಿಟ್ಟು ಉಳಿದೇ ಉಳಿಯುತ್ತದೆ, ಮತ್ತು ಅದು ಮುಂದಿನವರ ಡಬ್ಬಿಗೆ ಬೀಳುತ್ತದೆ. ಜೋಳಕ್ಕೆ ಬೇರೆ ಕಲ್ಲು, ಗೋಧಿಗೆ ಬೇರೆ ಕಲ್ಲು ಇಟ್ಟ ಗಿರಣಿಗಳಿವೆ ನಿಜ, ಆದರೆ ಒಂದೇ ಕೋಣೆಯಲ್ಲಿ ಎರಡೂ ತಿರುಗುವಾಗ ಹಾರುವ ಹಿಟ್ಟಿನ ಧೂಳು ಜೋಳದ ಕಡೆ ಹೋಗಬೇಡವೆಂದರೆ ಕೇಳುತ್ತದೆಯೇ? ಸಾಮಾನ್ಯರಿಗೆ ಇದರಿಂದ ಏನೂ ಆಗದು. ಸೀಲಿಯಾಕ್ ಇರುವ ಮಗುವಿಗೆ ಅಷ್ಟು ಸಣ್ಣ ಪ್ರಮಾಣವೂ ದಿನವೂ ಹೊಟ್ಟೆಗೆ ಹೋದರೆ ಕರುಳಿಗೆ ಹಾನಿ. ಪೊಟ್ಟಣದ ಮೇಲೆ ಗ್ಲುಟೆನ್ ರಹಿತ ಎಂದು ಬರೆಯಬೇಕಾದರೆ ನಮ್ಮ ದೇಶದ ನಿಯಮದಂತೆ ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಒಂದು ಚಿಮಟಿ ಗೋಧಿ ಹಿಟ್ಟು ಬಿದ್ದರೂ ಆ ಲೆಕ್ಕ ತಪ್ಪುತ್ತದೆ.

ಹಾಗಾಗಿ ಇಡೀ ಜೋಳ ತಂದು, ಮೊರದಲ್ಲಿ ಹಾಕಿಕೊಂಡು ಕೈಯಿಂದಲೇ ಆರಿಸಿ. ನಮ್ಮ ಕಡೆ ಜೋಳವೂ ಗೋಧಿಯೂ ಹಿಂಗಾರಿ ಬೆಳೆಗಳೇ, ರಾಶಿಯಲ್ಲಿ ಗೋಧಿಯ ಕಾಳು ಬೆರೆತಿರುವುದು ಅಪರೂಪವಲ್ಲ. ತೊಳೆದು ಒಣಗಿಸಿ, ಸ್ವಲ್ಪ ಸ್ವಲ್ಪವಾಗಿ ಮಿಕ್ಸಿಯಲ್ಲಿ ಬೀಸಿರಿ. ಜಾರ್ ಬಿಸಿಯಾದರೆ ನಿಲ್ಲಿಸಿ ಆರಲು ಬಿಡಿ. ಆಮೇಲೆ ತೆಳುವಾದ ಅರಿವೆಯಲ್ಲಿ ಜರಡಿ ಹಿಡಿಯಿರಿ. ನಿಮ್ಮ ತರಿಯ ದೂರಿಗೂ ಅರ್ಧ ಪರಿಹಾರ ಇಲ್ಲಿಯೇ ಸಿಗುತ್ತದೆ. ಅಕ್ಕಿ ಹಿಟ್ಟನ್ನೂ ಇದೇ ರೀತಿ ಮನೆಯಲ್ಲೇ ಮಾಡಿಕೊಳ್ಳಿ. ಬೀಸಿ ತಿಂಗಳಾದ ಜೋಳದ ಹಿಟ್ಟಿನಲ್ಲಿ ಜಿಗಿ ಇರುವುದಿಲ್ಲವೆಂದು ರೊಟ್ಟಿ ಬಡಿಯುವ ನಿಮಗೆ ನಾನು ಹೇಳಬೇಕಾಗಿಲ್ಲ. ಇನ್ನು, ಕಣಕ ನಾದಿದ ಕಟ್ಟಿಗೆಯ ಮಣೆ, ಲಟ್ಟಣಿಗೆ, ಹಳೆಯ ಜರಡಿ ಇವುಗಳನ್ನು ಈ ಕೆಲಸಕ್ಕೆ ಬಳಸಬೇಡಿ. ಕಟ್ಟಿಗೆಯ ಸಂದಿಯಲ್ಲಿ ಹಿಟ್ಟು ಕುಳಿತಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ.

ಉತ್ತರ 3: ಘಟಪ್ರಭಾ ದಂಡೆ, ಗೋಕಾಕ

ಇಷ್ಟೆಲ್ಲ ಕಷ್ಟ ಯಾಕೆ, ಕರದಂಟು ಕೊಡಬಹುದಲ್ಲವೇ? ಬೆಲ್ಲ, ಕೊಬ್ಬರಿ, ತಿನ್ನುವ ಅಂಟು (ಗೋಂದು), ಒಣಹಣ್ಣು ಇವುಗಳಲ್ಲಿ ಗೋಧಿಯ ಸುಳಿವೇ ಇಲ್ಲ.

ಉತ್ತರ 4: ಕ್ಯಾಂಪಿನ ಓವನ್, ಬೆಳಗಾವಿ

ಅಣ್ಣಾ, ಕರದಂಟಿನ ಅಂಟನ್ನು ಹುರಿಯುವುದೇ ತುಪ್ಪದಲ್ಲಿ. ಮಗಳಿಗೆ ಆದೀತು, ಅಳಿಯನಿಗೆ ಆಗದು. ಅಲ್ಲದೆ ಮಕ್ಕಳು ಕೇಳಿದ್ದು ಚಾಕೊಲೇಟ್. ಗೋಕಾಕದವರ ಅಭಿಮಾನ ನನಗೂ ಅರ್ಥವಾಗುತ್ತದೆ.

ಉತ್ತರ 5: ಲೇಬಲ್ ಓದುವವನು, ಅಥಣಿ

ಚಾಕೊಲೇಟಿನ ಬಗ್ಗೆ ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ, ಅಷ್ಟನ್ನು ನಾನು ಹೇಳುತ್ತೇನೆ. ಪೊಟ್ಟಣದ ಮೇಲಿನ ಹಸಿರು ಚಿಹ್ನೆಯನ್ನು ನೋಡಿ ಮೋಸಹೋಗಬೇಡಿ. ಅದು ಸಸ್ಯಾಹಾರ ಎಂದಷ್ಟೇ ಹೇಳುತ್ತದೆ, ಹಾಲು, ತುಪ್ಪ, ಜೇನು ಅದರೊಳಗೇ ಬರುತ್ತವೆ. ವೀಗನ್ ಆಹಾರಕ್ಕೆ 2022ರಲ್ಲಿ ಪ್ರತ್ಯೇಕ ನಿಯಮವೂ ಪ್ರತ್ಯೇಕ ಚಿಹ್ನೆಯೂ ಬಂದಿವೆ, ಆದರೆ ನಮ್ಮ ಕಡೆಯ ಅಂಗಡಿಗಳಲ್ಲಿ ಆ ಚಿಹ್ನೆಯಿರುವ ಚಾಕೊಲೇಟನ್ನು ನಾನು ಕಂಡದ್ದು ಅಪರೂಪ. ಹಾಗಾಗಿ ಪೊಟ್ಟಣ ತಿರುಗಿಸಿ ಸಣ್ಣ ಅಕ್ಷರಗಳನ್ನೇ ಓದಬೇಕು. ಡಾರ್ಕ್ ಎಂದು ದೊಡ್ಡದಾಗಿ ಬರೆದಿದ್ದರೂ ಒಳಗೆ ಮಿಲ್ಕ್ ಸಾಲಿಡ್ಸ್, ಮಿಲ್ಕ್ ಫ್ಯಾಟ್, ಬಟರ್ ಆಯಿಲ್ ಇರುವುದುಂಟು. ಬೇಕರಿ ಸಾಮಾನಿನ ಅಂಗಡಿಯಲ್ಲಿ ಇಟ್ಟಿಗೆಯ ಆಕಾರದಲ್ಲಿ ಸಿಗುವ ಅಗ್ಗದ ಕಾಂಪೌಂಡ್ ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಇರುತ್ತದೆ, ಹಲವು ಸಲ ಹಾಲಿನ ಪುಡಿಯೂ ಇರುತ್ತದೆ. ಕೋಕೋ ಬೆಣ್ಣೆ ಎಂಬ ಹೆಸರಿಗೆ ಮಾತ್ರ ಹೆದರಬೇಡಿ, ಅದು ಕೋಕೋ ಬೀಜದ ಕೊಬ್ಬು, ಆಕಳಿಗೂ ಅದಕ್ಕೂ ಸಂಬಂಧವಿಲ್ಲ.

ಮಗಳ ದೃಷ್ಟಿಯಿಂದ ನೋಡಬೇಕಾದ ಪದ ಮಾಲ್ಟ್. ಅದು ಸಾಮಾನ್ಯವಾಗಿ ಬಾರ್ಲಿ, ಅಂದರೆ ಜವೆಗೋಧಿಯಿಂದ ಬರುತ್ತದೆ, ಅದರಲ್ಲಿಯೂ ಗ್ಲುಟೆನ್ ಇದೆ. ಕೋಕೋ ಪುಡಿ ಮುಗಿದಿದೆಯೆಂದು ಹಾಲಿಗೆ ಬೆರೆಸುವ ಚಾಕೊಲೇಟ್ ಪುಡಿಯನ್ನು ಹಾಕಲು ಹೋದರೆ ಹಲವು ಸಲ ಮಾಲ್ಟ್, ಹಾಲಿನ ಪುಡಿ ಎರಡೂ ಒಟ್ಟಿಗೆ ಬಂದು ಇಬ್ಬರು ಮಕ್ಕಳಿಗೂ ಬಾರದಂತಾಗುತ್ತದೆ. ಓಟ್ಸ್ ಸೇರಿಸಿರೆಂದು ಹೇಳುವವರಿದ್ದಾರೆ. ಗ್ಲುಟೆನ್ ರಹಿತ ಎಂದು ಬರೆಯದ ಓಟ್ಸ್‌ನಲ್ಲಿ ಗೋಧಿ ಬೆರೆತಿರುವ ಸಾಧ್ಯತೆ ಹೆಚ್ಚು, ಅದರ ಗೊಡವೆಯೇ ಬೇಡ. ನಮ್ಮ ಮನೆಯಲ್ಲಿ ಎಲ್ಲವನ್ನೂ ಬಿಟ್ಟ ಮೇಲೂ ಹುಡುಗನ ಹೊಟ್ಟೆನೋವು ನಿಲ್ಲದೆ, ಕೊನೆಗೆ ಸಿಕ್ಕಿಬಿದ್ದದ್ದು ಇಂಗಿನ ಡಬ್ಬಿ: ಕಟ್ಟಿ ಮಾರುವ ಇಂಗಿನಲ್ಲಿ ಹಲವು ಸಲ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ. ಕುಕಿಗೆ ಇಂಗು ಬೇಕಿಲ್ಲ ನಿಜ, ಆದರೂ ಈ ಪ್ರಶ್ನೆ ಓದುವ ಬೇರೆ ತಾಯಂದಿರಿಗೆ ಉಪಯೋಗವಾಗಲಿ ಎಂದು ಬರೆದೆ. ಬೆಲ್ಲಕ್ಕೆ ನಿಮಗೆ ಕೊರತೆಯಿಲ್ಲ. ಮಹಾಲಿಂಗಪುರದ್ದು ಸಿಕ್ಕರೆ ತುರಿದು ಹಾಕಿ.

ಉತ್ತರ 6: ಬಿಳಿಜೋಳ, ವಿಜಯಪುರ

ಎಲ್ಲರಿಗೂ ನಮಸ್ಕಾರ. ಭಾನುವಾರ ಮಾಡಿ ನೋಡಿದೆ. ಜೋಳವನ್ನು ಮನೆಯಲ್ಲೇ ಬೀಸಿದೆ. ಎರಡು ಕಿಲೋ ಆರಿಸುವಷ್ಟರಲ್ಲಿ ಅಂಗೈಯಲ್ಲಿ ಏಳು ಗೋಧಿ ಕಾಳು ಕುಳಿತಿದ್ದವು. ಅವನ್ನು ನೋಡಿ ನಮ್ಮ ಅತ್ತೆಯವರು, ಇಷ್ಟು ದಿನ ಮಗುವಿನ ರೊಟ್ಟಿಗೂ ಇದೇ ಜೋಳವನ್ನು ಕೊಟ್ಟು ಗಿರಣಿಗೆ ಕಳಿಸುತ್ತಿದ್ದೆವಲ್ಲ ಎಂದು ಬಹಳ ಹೊತ್ತು ಮಾತಿಲ್ಲದೆ ಕುಳಿತರು. ಈಗ ಅವಳ ರೊಟ್ಟಿಯ ಹಿಟ್ಟನ್ನೂ ಮನೆಯಲ್ಲಿಯೇ ಬೀಸುತ್ತಿದ್ದೇವೆ.

ಮೊದಲ ತಟ್ಟೆಯನ್ನು ಹಸಿಯಾಗಿದೆಯೆಂದು ತಿಳಿದು ಇನ್ನೂ ಐದು ನಿಮಿಷ ಬಿಟ್ಟೆ, ಅಡಿಯಲ್ಲಿ ಸೀದು ಕಹಿಯಾದವು. ಕೈ ಹಚ್ಚಬೇಡಿ ಎಂದು ಹೇಳಿದ್ದರೂ ಮನಸ್ಸು ತಡೆಯಲಿಲ್ಲ. ಎರಡನೆಯ ತಟ್ಟೆಯನ್ನು ಹನ್ನೆರಡು ನಿಮಿಷಕ್ಕೆ ಸರಿಯಾಗಿ ತೆಗೆದು ಅಡುಗೆಮನೆಯಿಂದ ಹೊರಗೆ ಹೋಗಿಬಿಟ್ಟೆ. ಮರಳಿ ಬಂದು ಒಂದನ್ನು ಮುರಿದರೆ ಅಂಚು ಕಟಕ್ ಎಂದಿತು, ನಡುವೆ ಮೆತ್ತಗೆ, ಚಾಕೊಲೇಟಿನ ತುಣುಕು ಎಳೆಯಾಗಿ ಜಗ್ಗಿತು. ಒಂದು ಕಾಳಿನಷ್ಟೂ ಉದುರಲಿಲ್ಲ. ತರಿ ಪೂರ್ತಿ ಹೋಗಿದೆಯೆಂದು ಹೇಳಲಾರೆ, ಬಾಯಿಯಲ್ಲಿ ಸ್ವಲ್ಪ ಜೋಳದ ಗುರುತು ಇದೆ. ಮಗಳು ಅದನ್ನು ಕೇಳಿ, ರೊಟ್ಟಿಗೂ ಇದೇ ರುಚಿಯಲ್ಲವೇ ಎಂದಳು. ಮುಂದಿನ ಸಲ ನಮ್ಮೂರಿನ ಒಣದ್ರಾಕ್ಷಿಯನ್ನೂ ಹೆಚ್ಚಿ ಹಾಕಬೇಕೆಂದಿದ್ದೇನೆ.

ಇನ್ನೊಂದು ಸಂದೇಹ ಉಳಿದಿದೆ. ಹೊಲಕ್ಕೆ ಒಯ್ಯುವಾಗ ಮಧ್ಯಾಹ್ನದ ಬಿಸಿಲಿಗೆ ಕೊಬ್ಬರಿ ಎಣ್ಣೆ ಕರಗಿ ಕುಕಿ ಮೆತ್ತಗಾಗುತ್ತದೆಯೇ?

ಉತ್ತರ 7: ಕ್ಯಾಂಪಿನ ಓವನ್, ಬೆಳಗಾವಿ

ಸ್ವಲ್ಪ ಮೆತ್ತಗಾಗುತ್ತವೆ, ಆದರೆ ಅಗಸಿ ಹಿಡಿದುಕೊಂಡಿರುವುದರಿಂದ ಮುರಿಯುವುದಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಪದರಗಳ ನಡುವೆ ಬೆಣ್ಣೆ ಕಾಗದ ಹಾಕಿ, ಮೊಸರಿನ ಗಡಿಗೆಯಂತೆ ಒದ್ದೆ ಅರಿವೆ ಸುತ್ತಿ ಗಿಡದ ನೆರಳಿನಲ್ಲಿಡಿ. ಮತ್ತೆ, ಆ ಡಬ್ಬಿಯನ್ನು ಹೋಳಿಗೆಯ ಬುಟ್ಟಿಯೊಳಗೆ ಮಾತ್ರ ಇಡಬೇಡಿ ಅಕ್ಕಾ, ಬೇರೆ ಚೀಲದಲ್ಲಿ ಒಯ್ಯಿರಿ.